ಎಡಿ ಎಂಥವರು ಅಂತ ಹೇಗೆ ತಿಳಿಯೋದು? ಅಮೆರಿಕದ ಕಾಲೇಜು ಕ್ರೀಡೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ರಟ್ಗರ್ಸ್ ವಿಶ್ವವಿದ್ಯಾಲಯ ಪಕ್ಕದಲ್ಲೇ ಇದೆ. ಇಲ್ಲಿ ಕನ್ನಡದ ಮನೆಗಳಿಗೆ ಬರವಿಲ್ಲ, ಆ ಮನೆಗಳ ಮಕ್ಕಳು ರಟ್ಗರ್ಸ್‌ಗೆ ಹೋಗುವುದೂ ಹೊಸದಲ್ಲ. ಹೀಗಾಗಿ ಯುಗಾದಿ ಊಟಕ್ಕೆ ಕೂತರೂ ಮಾತು ಒಮ್ಮೊಮ್ಮೆ ಅಲ್ಲಿನ ಎಡಿ, ಅಂದರೆ ಕ್ರೀಡಾ ವಿಭಾಗದ ಮುಖ್ಯಸ್ಥರಾದ ಅಥ್ಲೆಟಿಕ್ ಡೈರೆಕ್ಟರ್ ಕಡೆಗೆ ತಿರುಗುತ್ತದೆ. ‘ಆ ಮನುಷ್ಯ ಸರಿ ಇದ್ದಾರಾ?’ ಅಂತ ಯಾರೋ ಕೇಳುತ್ತಾರೆ. ಉತ್ತರ ಹೇಳುವಷ್ಟರಲ್ಲಿ ಹೋಳಿಗೆ ಬಂದಿರುತ್ತದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಅಥ್ಲೆಟಿಕ್ ಡೈರೆಕ್ಟರ್ ಅಂದ್ರೆ ನಮ್ಮ ಕಾಲೇಜಿನ ಪಿ.ಟಿ. ಮೇಷ್ಟ್ರಾ?

ಅಲ್ಲ. ನಮ್ಮ ಪಿ.ಟಿ. ಮೇಷ್ಟ್ರು ಸೀಟಿ ಊದುತ್ತಿದ್ದರು, ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಹಾಕಿಸುತ್ತಿದ್ದರು. ಇಲ್ಲಿನ ಎಡಿ ಸೀಟಿ ಮುಟ್ಟುವುದೇ ಇಲ್ಲ. ಇಪ್ಪತ್ತು ಮೂವತ್ತು ತಂಡಗಳು, ಅವುಗಳ ಕೋಚ್‌ಗಳು, ಸ್ಟೇಡಿಯಂ, ಟಿವಿ ಹಣ, ದಾನಿಗಳು ಎಲ್ಲ ಅವರ ಕೈಯಲ್ಲಿ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಈ ಒಂದು ವಿಭಾಗದ ವರ್ಷದ ಬಜೆಟ್ಟೇ 10 ಕೋಟಿ ಡಾಲರ್ ದಾಟುತ್ತದೆ. ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ (ಇಲ್ಲಿ ಫುಟ್‌ಬಾಲ್ ಅಂದರೆ ಅಮೆರಿಕನ್ ಫುಟ್‌ಬಾಲ್) ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ನಮ್ಮ ಚಿನ್ನಸ್ವಾಮಿಯ ಎರಡು ಪಟ್ಟಿಗೂ ಜಾಸ್ತಿ. ಅದೂ ಒಂದು ಕಾಲೇಜಿನ ಆಟಕ್ಕೆ.

2025ರ ಜುಲೈನಿಂದ ಇನ್ನೊಂದು ಭಾರ ಸೇರಿದೆ. ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಯಾವ ಆಟಕ್ಕೆ ಎಷ್ಟು ಅನ್ನುವುದರಲ್ಲಿ ಎಡಿ ಮಾತಿಗೆ ತೂಕ ಜಾಸ್ತಿ.

ತಂಡಗಳು ಗೆಲ್ಲುತ್ತಿದ್ದರೆ ಎಡಿ ಒಳ್ಳೆಯವರು ಅಂತ ಅಂದುಕೊಳ್ಳಬಹುದಲ್ವಾ?

ಒಳ್ಳೆಯ ಮ್ಯಾನೇಜರ್ ಅಂದುಕೊಳ್ಳಿ. ಅದಕ್ಕಿಂತ ಮುಂದೆ ಹೋಗಬೇಡಿ. ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯದಲ್ಲಿ ಇಯಾನ್ ಮೆಕಾ 2003ರಿಂದ ಎಡಿ ಆಗಿದ್ದರು. ಅವರ ಕಾಲದಲ್ಲಿ ಮಹಿಳಾ ಬಾಸ್ಕೆಟ್‌ಬಾಲ್ ತಂಡ 2012ರಲ್ಲಿ 40 ಪಂದ್ಯ ಆಡಿ 40ನ್ನೂ ಗೆದ್ದಿತು. 2014ರಲ್ಲಿ ಹೊಸ ಫುಟ್‌ಬಾಲ್ ಸ್ಟೇಡಿಯಂ ಬಂತು. ಅಂಕಪಟ್ಟಿ ನೋಡಿದರೆ ನೂರಕ್ಕೆ ನೂರು. ಅದೇ ವರ್ಷಗಳಲ್ಲಿ ಫುಟ್‌ಬಾಲ್ ಆಟಗಾರರ ಮೇಲೆ ಬಂದ ಲೈಂಗಿಕ ದೌರ್ಜನ್ಯದ ದೂರುಗಳನ್ನು ಸಂಬಂಧಪಟ್ಟ ಕಚೇರಿಗೆ ಮುಟ್ಟಿಸದೆ ವಿಭಾಗದ ಒಳಗೇ ಇಟ್ಟುಕೊಂಡಿದ್ದರು ಅಂತ 2016ರ ಮೇ ತಿಂಗಳಲ್ಲಿ ತನಿಖೆ ಹೇಳಿತು.

ಹಾಗಾದ್ರೆ ಮೊದಲು ಏನು ನೋಡಬೇಕು?

ಕ್ಯಾಲೆಂಡರ್. ವಿಷಯ ಎಡಿಗೆ ಯಾವತ್ತು ಗೊತ್ತಾಯಿತು, ಊರಿಗೆ ಯಾವತ್ತು ಗೊತ್ತಾಯಿತು? ಆ ಎರಡು ದಿನಗಳ ನಡುವೆ ಅವರು ಏನು ಮಾಡಿದರು? ನನ್ನ ಮಟ್ಟಿಗೆ ಗುಣ ಕಾಣುವುದು ಅಲ್ಲೇ. ಪತ್ರಿಕಾಗೋಷ್ಠಿಯಲ್ಲಿ ಎಲ್ಲರೂ ಗಂಭೀರವಾಗಿಯೇ ಇರುತ್ತಾರೆ.

ನಮ್ಮ ಪಕ್ಕದ ರಟ್ಗರ್ಸ್‌ನದ್ದೇ ಕಥೆ ಕೇಳಿ. 1869ರ ನವೆಂಬರ್ 6ರಂದು ಪ್ರಿನ್ಸ್‌ಟನ್ ಜೊತೆ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ಆಡಿದ ಜಾಗ ಅದು. ಟಿಮ್ ಪರ್ನೆಟಿ ಅಲ್ಲಿಯೇ ಓದಿ, ಅಲ್ಲಿಯೇ ಫುಟ್‌ಬಾಲ್ ಆಡಿ, ಟಿವಿ ಉದ್ಯಮದಲ್ಲಿ ದುಡಿದು, 2009ರಲ್ಲಿ ಎಡಿ ಆಗಿ ಬಂದರು. 2012ರ ನವೆಂಬರ್‌ನಲ್ಲಿ ದೊಡ್ಡ ವಿಶ್ವವಿದ್ಯಾಲಯಗಳು ತಮ್ಮೊಳಗೆ ಆಡುವ ಬಿಗ್ ಟೆನ್ ಕೂಟಕ್ಕೆ ರಟ್ಗರ್ಸ್ ಸೇರುವುದು ಖಚಿತವಾಯಿತು. ದೊಡ್ಡ ಹಣ, ದೊಡ್ಡ ಎದುರಾಳಿಗಳು. ಅವರನ್ನು ಹೊತ್ತು ಮೆರೆಸುವುದೊಂದು ಬಾಕಿ.

ಅದೇ ತಿಂಗಳು ಎರಿಕ್ ಮರ್ಡಾಕ್ ಒಂದು ವಿಡಿಯೊ ತಂದು ತೋರಿಸಿದರು. ಅವರು ಎನ್‌ಬಿಎಯಲ್ಲಿ ಆಡಿದವರು, ಬಾಸ್ಕೆಟ್‌ಬಾಲ್ ತಂಡದ ಸಿಬ್ಬಂದಿಯಾಗಿದ್ದವರು. ವಿಡಿಯೊದಲ್ಲಿ ಕೋಚ್ ಮೈಕ್ ರೈಸ್ ಅಭ್ಯಾಸದ ವೇಳೆ ಹುಡುಗರ ಮೇಲೆ ಚೆಂಡು ಎಸೆಯುತ್ತಿದ್ದರು, ತಳ್ಳುತ್ತಿದ್ದರು, ಒದೆಯುತ್ತಿದ್ದರು. ಸಲಿಂಗಿಗಳನ್ನು ಹೀಯಾಳಿಸುವ ಬೈಗುಳ ಬೇರೆ. ಎರಡು ವರ್ಷಗಳ ಹಿಂದಷ್ಟೇ ಈ ವಿಶ್ವವಿದ್ಯಾಲಯದ ಒಬ್ಬ ಗೇ ವಿದ್ಯಾರ್ಥಿ ಪ್ರಾಣ ಕಳೆದುಕೊಂಡು ದೇಶವೇ ಮರುಗಿತ್ತು. ಆ ಬೈಗುಳ ಎಲ್ಲಿ ಕೇಳಿಸಿದರೂ ತಪ್ಪೇ, ಇಲ್ಲಿ ಇನ್ನೂ ದೊಡ್ಡ ತಪ್ಪು.

ಡಿಸೆಂಬರ್‌ನಲ್ಲಿ ಪರ್ನೆಟಿ ಕೋಚ್‌ಗೆ ಮೂರು ಪಂದ್ಯಗಳ ಅಮಾನತು ಕೊಟ್ಟರು. ದಂಡ, ಜೊತೆಗೆ ಕೋಪ ತಡೆಯುವ ತರಬೇತಿ. 2013ರ ಏಪ್ರಿಲ್ 2ರಂದು ಇಎಸ್‌ಪಿಎನ್ ಆ ವಿಡಿಯೊ ಪ್ರಸಾರ ಮಾಡಿತು. 3ರಂದು ಕೋಚ್ ವಜಾ. 5ರಂದು ಪರ್ನೆಟಿ ರಾಜೀನಾಮೆ.

ನವೆಂಬರ್‌ನಲ್ಲಿ ಇದ್ದದ್ದೂ ಅದೇ ವಿಡಿಯೊ, ಏಪ್ರಿಲ್‌ನಲ್ಲಿ ಇದ್ದದ್ದೂ ಅದೇ ವಿಡಿಯೊ. ಹೊಸದಾಗಿ ಬಂದದ್ದು ನೋಡುವ ಕಣ್ಣುಗಳು ಮಾತ್ರ.

ಅಂದ್ರೆ ಪರ್ನೆಟಿ ಕೆಟ್ಟವರಾ?

ಅಷ್ಟು ಸುಲಭವಲ್ಲ. ನೋಡಿದ ಕೂಡಲೇ ಕೋಚ್‌ನ ತೆಗೆದುಹಾಕಬೇಕು ಅನಿಸಿತ್ತು, ಆದರೆ ವಕೀಲರು, ಎಚ್‌ಆರ್‌ನವರು ಎಲ್ಲ ಸೇರಿ ಬೇರೆ ದಾರಿ ಹಿಡಿದೆವು ಅಂತ ಅವರೇ ರಾಜೀನಾಮೆಯ ಪತ್ರದಲ್ಲಿ ಬರೆದುಕೊಂಡರು. ಅವರ ಮೇಲಿದ್ದ ಅಧ್ಯಕ್ಷ ರಾಬರ್ಟ್ ಬಾರ್ಕಿ ಏಪ್ರಿಲ್‌ವರೆಗೆ ಆ ವಿಡಿಯೊ ನೋಡಿಯೇ ಇರಲಿಲ್ಲ. ಅವರ ಕುರ್ಚಿ ಉಳಿಯಿತು. ನೋಡಿದವರ ಕೆಲಸ ಹೋಯಿತು, ನೋಡದವರದ್ದು ಉಳಿಯಿತು. ಇದು ನನಗೆ ಇವತ್ತಿಗೂ ಸಮಾಧಾನ ಕೊಡದ ಲೆಕ್ಕ.

ಆದರೂ ಆ ಬರಹದಲ್ಲೇ ಅವರ ತಪ್ಪೂ ಇದೆ. ಸರಿ ಯಾವುದು ಅಂತ ಗೊತ್ತಿತ್ತು, ಅದನ್ನು ಬಿಟ್ಟುಕೊಟ್ಟರು. 2024ರಲ್ಲಿ ಅವರನ್ನು ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್ ಅನ್ನುವ ಇನ್ನೊಂದು ಕೂಟ ತನ್ನ ಕಮಿಷನರ್ ಆಗಿ ಆರಿಸಿಕೊಂಡಿತು. ಹನ್ನೊಂದು ವರ್ಷ ಕಳೆದಿತ್ತು. ಇನ್ನೊಂದು ಅವಕಾಶ ಸಿಕ್ಕಿದ್ದಕ್ಕೆ ನನ್ನ ತಕರಾರಿಲ್ಲ.

ದೂರು ತಂದವರಿಗೇ ಸ್ವಂತ ಲೆಕ್ಕ ಇದ್ದರೆ?

ಮರ್ಡಾಕ್ ವಿಷಯದಲ್ಲಿ ಇದೇ ಮಾತು ಬಂತು. ಅಷ್ಟರಲ್ಲಿ ಅವರ ಕೆಲಸ ಹೋಗಿತ್ತು, ಪರಿಹಾರವನ್ನೂ ಕೇಳಿದ್ದರು. ಇರಲಿ ಬಿಡಿ. ಕೋಚ್ ಎಸೆದ ಚೆಂಡು ಹುಡುಗನಿಗೆ ತಾಗಿದ್ದು ಸುಳ್ಳಾಗುತ್ತದಾ? ದೂರು ತಂದವರ ಜಾತಕ ಬಿಡಿಸಿ ಕೂರುವ ಎಡಿ ಕಂಡರೆ ನಾನು ಒಂದು ಅಂಕ ಕಳೆಯುತ್ತೇನೆ.

ಹದಿನೇಳು ವರ್ಷ ಹಿಂದಿನ ತಪ್ಪನ್ನೂ ಎಣಿಸಬೇಕಾ?

ಈ ಪ್ರಶ್ನೆಯೂ ರಟ್ಗರ್ಸ್‌ನಿಂದಲೇ ಬಂದದ್ದು. ಪರ್ನೆಟಿ ಹೋದ ಮೇಲೆ 2013ರ ಮೇ ತಿಂಗಳಲ್ಲಿ ಜೂಲಿ ಹರ್ಮನ್ ಬಂದರು. ಅಲ್ಲಿನ ಮೊದಲ ಮಹಿಳಾ ಎಡಿ. ಲೂಯಿವಿಲ್ ವಿಶ್ವವಿದ್ಯಾಲಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಬಂದ ಎರಡೇ ವಾರದೊಳಗೆ ‘ಸ್ಟಾರ್ ಲೆಡ್ಜರ್’ ಪತ್ರಿಕೆ ಹಳೆಯ ಪತ್ರವೊಂದನ್ನು ಹೊರಗೆ ತಂದಿತು. 1990ರ ದಶಕದಲ್ಲಿ ಅವರು ಟೆನ್ನೆಸ್ಸಿಯಲ್ಲಿ ವಾಲಿಬಾಲ್ ಕೋಚ್ ಆಗಿದ್ದಾಗ ತಂಡದ ಹುಡುಗಿಯರು ಬರೆದದ್ದು. ನಮ್ಮನ್ನು ಬಾಯಿಗೆ ಬಂದಂತೆ ಬೈದು ಅವಮಾನಿಸುತ್ತಾರೆ ಅನ್ನುವುದು ಅದರ ಸಾರ. ಹರ್ಮನ್ ಒಪ್ಪಲಿಲ್ಲ. ಅಲ್ಲಿನ ಸಹಾಯಕ ಕೋಚ್ ಒಬ್ಬರು, ಗರ್ಭಿಣಿಯಾದದ್ದಕ್ಕೆ ಕೆಲಸ ಕಳೆದುಕೊಂಡೆ ಅಂತ ಕೋರ್ಟಿಗೆ ಹೋಗಿದ್ದರು. 1997ರಲ್ಲಿ ಜ್ಯೂರಿ ಅವರಿಗೆ 1,50,000 ಡಾಲರ್ ಕೊಡಿಸಿತ್ತು. ಆ ಮೊಕದ್ದಮೆಯಲ್ಲಿ ಬಂದಿದ್ದ ಮದುವೆಯೊಂದರ ವಿಡಿಯೊ ಬಗ್ಗೆ ಕೇಳಿದಾಗ ಅಂಥ ವಿಡಿಯೊ ಇಲ್ಲ ಅಂತ ಹರ್ಮನ್ ಅಂದರು. ವಿಡಿಯೊ ಇತ್ತು.

ಹುಡುಗರಿಗೆ ಬೈದ ಕೋಚ್‌ನಿಂದಾಗಿ ಖಾಲಿಯಾದ ಕುರ್ಚಿಗೆ, ಹುಡುಗಿಯರಿಗೆ ಬೈದ ಆರೋಪ ಹೊತ್ತವರು! ಸಿನಿಮಾದಲ್ಲಿ ಇಟ್ಟರೆ ಅತಿಯಾಯಿತು ಅನ್ನುತ್ತೀರಿ.

ನನ್ನ ಉತ್ತರ: ಹಳೆಯ ತಪ್ಪಿಗಿಂತ ಅದರ ಬಗ್ಗೆ ಇವತ್ತು ಏನು ಹೇಳುತ್ತಾರೆ ಅನ್ನುವುದಕ್ಕೆ ತೂಕ ಕೊಡಿ. ಮೂವತ್ತರ ಹರೆಯದಲ್ಲಿ ಬಿರುಸಾಗಿದ್ದ ಕೋಚ್ ಐವತ್ತಕ್ಕೆ ಮಾಗಿರಬಹುದು. ‘ಹೌದು, ಆಗ ಹಾಗೆ ಮಾಡಿದೆ, ಆ ಹುಡುಗಿಯರಿಗೆ ನೋವಾಯಿತು’ ಅಂತ ಒಂದು ವಾಕ್ಯ ಬಂದಿದ್ದರೆ ನಾನು ಅವರ ಪರ ನಿಲ್ಲುತ್ತಿದ್ದೆ. ನೆನಪಿಲ್ಲ, ಹಾಗಾಗಿಲ್ಲ ಅನ್ನುವುದು ಹಳೆಯ ಮಾತಲ್ಲ, ಇವತ್ತಿನ ಮಾತು. ಗಂಡಸು ಕೋಚ್ ಆಗಿದ್ದರೆ ಯಾರೂ ಇಷ್ಟು ಕೆದಕುತ್ತಿರಲಿಲ್ಲ ಅಂತಲೂ ಆಗ ಕೆಲವರು ಅಂದರು. ಅದರಲ್ಲಿ ಸ್ವಲ್ಪ ಹುರುಳಿದೆ, ಇಲ್ಲ ಅನ್ನಲಾರೆ. ವಿಶ್ವವಿದ್ಯಾಲಯ ಆಗ ಅವರ ಬೆನ್ನಿಗೆ ನಿಂತಿತು. 2015ರ ನವೆಂಬರ್‌ನಲ್ಲಿ ಫುಟ್‌ಬಾಲ್ ಕೋಚ್ ಜೊತೆಗೆ ಅವರನ್ನೂ ತೆಗೆದುಹಾಕಿತು.

‘ತುಂಬಾ ಒಳ್ಳೆಯ ಮನುಷ್ಯ’ ಅಂತ ಎಲ್ಲರೂ ಹೇಳುತ್ತಾರೆ. ಅಷ್ಟು ಸಾಲದಾ?

ಸಾಲದು. ಟಿಮ್ ಕರ್ಲಿ ಬಗ್ಗೆಯೂ ಜನ ಹಾಗೇ ಹೇಳುತ್ತಿದ್ದರು. ಪೆನ್ ಸ್ಟೇಟ್ ಇರುವ ಊರಿನಲ್ಲೇ ಹುಟ್ಟಿದವರು, ಅಲ್ಲಿಯೇ ಓದಿದವರು, ಎಡಿ ಆಗಿ ಬಹಳ ವರ್ಷ ದುಡಿದವರು. 2001ರಲ್ಲಿ ಒಬ್ಬ ಯುವ ಸಹಾಯಕ, ನಿವೃತ್ತ ಕೋಚ್ ಜೆರ್ರಿ ಸ್ಯಾಂಡಸ್ಕಿಯನ್ನು ಸ್ನಾನದ ಕೋಣೆಯಲ್ಲಿ ಒಬ್ಬ ಬಾಲಕನ ಜೊತೆ ಕಂಡು, ದೊಡ್ಡ ಕೋಚ್ ಜೋ ಪಟೆರ್ನೋಗೆ ಹೇಳಿದರು. ಮಾತು ಕರ್ಲಿವರೆಗೆ ಬಂತು. ಮಕ್ಕಳ ರಕ್ಷಣೆಯ ಇಲಾಖೆಗೆ ತಿಳಿಸುವುದು ಅಂತ ಮೊದಲು ಮಾತಾಗಿತ್ತು. ಆಮೇಲೆ ಕರ್ಲಿ ಮನಸ್ಸು ಬದಲಿಸಿದರು. ಮೊದಲು ಸ್ಯಾಂಡಸ್ಕಿ ಹತ್ತಿರವೇ ಮಾತಾಡೋಣ ಅಂದರು. ಅಧ್ಯಕ್ಷ ಗ್ರಹಾಂ ಸ್ಪ್ಯಾನಿಯರ್ ಇದು ಮಾನವೀಯವಾದ ದಾರಿ ಅಂತ ಇಮೇಲ್‌ನಲ್ಲಿ ಒಪ್ಪಿದರು.

ಮಾನವೀಯ, ಯಾರ ಮಟ್ಟಿಗೆ? ಆ ಹುಡುಗ ಯಾರು, ಅವನ ಮನೆ ಎಲ್ಲಿ ಅಂತಲೂ ಯಾರೂ ಹುಡುಕಲಿಲ್ಲ.

ಸ್ಯಾಂಡಸ್ಕಿ ಬಂಧನವಾದದ್ದು 2011ರ ನವೆಂಬರ್‌ನಲ್ಲಿ. ಕ್ಯಾಲೆಂಡರ್ ಲೆಕ್ಕದಲ್ಲಿ ಹತ್ತು ವರ್ಷ. 2012ರಲ್ಲಿ 45 ಆರೋಪಗಳು ಸಾಬೀತಾದವು. ಮಕ್ಕಳನ್ನು ಅಪಾಯಕ್ಕೆ ಒಡ್ಡಿದ ಒಂದು ಆರೋಪವನ್ನು 2017ರಲ್ಲಿ ಕರ್ಲಿ ಒಪ್ಪಿಕೊಂಡು ಜೈಲಿಗೆ ಹೋಗಿಬಂದರು. ಅವರು ದುಷ್ಟರಾಗಿರಲಿಲ್ಲ ಅಂತಲೇ ನನಗನಿಸುತ್ತದೆ. ಸ್ನೇಹಿತನ ಮನಸ್ಸು ನೋಯಬಾರದು, ಊರಿನ ಹೆಸರು ಕೆಡಬಾರದು ಅನ್ನುವ ಸೌಜನ್ಯವೇ ಅವರನ್ನು ಅಲ್ಲಿಗೆ ಮುಟ್ಟಿಸಿತು. ನಮ್ಮಲ್ಲೂ ‘ಹೋಗ್ಲಿ ಬಿಡಿ, ದೊಡ್ಡವರು’ ಅಂತ ಸುಮ್ನಾಗುವವರು ಎಷ್ಟು ಜನ.

ಬೇಗ ಕ್ರಮ ತೆಗೆದುಕೊಂಡವರೆಲ್ಲ ಸರಿಯಾ?

ಅದೂ ಅಲ್ಲ. ಕ್ಯಾಲೆಂಡರ್‌ಗೆ ಎರಡು ತುದಿ ಇದೆ. 2006ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಲಕ್ರಾಸ್ ಆಟಗಾರರ ಮೇಲೆ ಅತ್ಯಾಚಾರದ ಆರೋಪ ಬಂತು. ಎಡಿ ಜೋ ಅಲೀವಾ ಕಾಲದಲ್ಲಿ ಕೆಲವೇ ವಾರಗಳಲ್ಲಿ ಆ ವರ್ಷದ ಆಟ ರದ್ದಾಯಿತು, ಕೋಚ್ ಮೈಕ್ ಪ್ರೆಸ್ಲರ್ ಕೆಲಸ ಬಿಡಬೇಕಾಯಿತು. ಒಂದು ವರ್ಷದ ಮೇಲೆ ರಾಜ್ಯದ ಅಟಾರ್ನಿ ಜನರಲ್ ಆರೋಪ ಹೊತ್ತ ಮೂವರು ಹುಡುಗರೂ ನಿರ್ದೋಷಿಗಳು ಅಂತ ಸಾರಿದರು. ಕೋಚ್‌ಗೆ ಕೆಲಸ ವಾಪಸ್ ಬರಲಿಲ್ಲ.

ಇದೇ ಅಲೀವಾ ಮುಂದೆ ಎಲ್‌ಎಸ್‌ಯುಗೆ (ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಎಡಿ ಆಗಿ ಹೋದರು. ಅಲ್ಲಿ ಫುಟ್‌ಬಾಲ್ ಕೋಚ್ ಲೆಸ್ ಮೈಲ್ಸ್ ವಿದ್ಯಾರ್ಥಿನಿಯರ ಜೊತೆ ನಡೆದುಕೊಂಡ ರೀತಿಯ ಬಗ್ಗೆ ದೂರು ಬಂದಿತ್ತು. ಮೈಲ್ಸ್ ಆರೋಪ ಒಪ್ಪಲಿಲ್ಲ. ಇವರನ್ನು ತೆಗೆದುಹಾಕಬೇಕು ಅಂತ 2013ರಲ್ಲಿ ಅಲೀವಾ ಮೇಲಿನವರಿಗೆ ಬರೆದರು. ಮೇಲಿನವರು ಕೇಳಲಿಲ್ಲ, ಅಲೀವಾ ಸುಮ್ಮನಾದರು. ಮೈಲ್ಸ್ ಕೆಲಸ ಹೋದದ್ದು 2016ರಲ್ಲಿ, ನಾಲ್ಕು ಪಂದ್ಯದಲ್ಲಿ ಎರಡು ಸೋತ ಮೇಲೆ. ಇಮೇಲ್ ಮಾಡದ ಕೆಲಸವನ್ನು ಎರಡು ಸೋಲು ಮಾಡಿದವು.

ಒಬ್ಬರೇ ಒಮ್ಮೆ ಸರಿ, ಒಮ್ಮೆ ತಪ್ಪು ಮಾಡಿದರೆ ಏನಂತ ಕರೆಯೋದು?

ಜೆಫ್ ಲಾಂಗ್ ಅಂತ ಕರೆಯಿರಿ! ತಮಾಷೆಗೆ ಹೇಳಿದೆ, ಆದರೆ ನನಗೆ ಅತಿ ಇಷ್ಟದ ಉದಾಹರಣೆ ಇದೇ. 2012ರಲ್ಲಿ ಲಾಂಗ್ ಆರ್ಕನ್ಸಾದ ಎಡಿ. ಫುಟ್‌ಬಾಲ್ ಕೋಚ್ ಬಾಬಿ ಪೆಟ್ರಿನೊ ಹಿಂದಿನ ಸಾಲಿನಲ್ಲಿ 11 ಪಂದ್ಯ ಗೆದ್ದು ಊರಿನ ದೇವರಾಗಿದ್ದರು. ಏಪ್ರಿಲ್ 1ರಂದು ಅವರು ಬೈಕಿನಿಂದ ಬಿದ್ದರು. ಒಬ್ಬನೇ ಇದ್ದೆ ಅಂದರು. ಒಬ್ಬರೇ ಇರಲಿಲ್ಲ. ಹಿಂದೆ ಕೂತಿದ್ದ ಯುವತಿಗೆ ಇವರೇ ವಿಭಾಗದಲ್ಲಿ ಕೆಲಸ ಕೊಡಿಸಿದ್ದರು, 20,000 ಡಾಲರ್ ಕೂಡ ಕೊಟ್ಟಿದ್ದರು. ಪೊಲೀಸ್ ವರದಿ ಹೊರಬರುವ ಸ್ವಲ್ಪ ಮುಂಚೆ ಲಾಂಗ್‌ಗೆ ಫೋನ್ ಮಾಡಿ ನಿಜ ಹೇಳಿದರು. ಅಂದೇ ರಾತ್ರಿ ರಜೆಯ ಮೇಲೆ ಕಳಿಸಿದ ಲಾಂಗ್, 10ನೇ ತಾರೀಖು ವಜಾ ಮಾಡಿದರು. ಒಪ್ಪಂದ ನಡುವೆ ಮುರಿದದ್ದಕ್ಕೆ ಕೊಡುವ ಬೈಔಟ್ ಹಣ ಇಲ್ಲ, ಸಬೂಬು ಇಲ್ಲ. ಮುಂದಿನ ಸಾಲಿನಲ್ಲಿ ತಂಡ ನಾಲ್ಕೇ ಪಂದ್ಯ ಗೆದ್ದಿತು. ಆ ಬೆಲೆ ತೆರಬೇಕಾಗಬಹುದು ಅಂತ ಗೊತ್ತಿದ್ದೇ ಮಾಡಿದ ಕೆಲಸ ಅದು.

ಈಗ 2018ಕ್ಕೆ ಬನ್ನಿ. ಅದೇ ಲಾಂಗ್ ಕಾನ್ಸಸ್ ಎಡಿ. ಕೋಚ್ ಬೇಕಾಗಿತ್ತು. ಆರಿಸಿದ್ದು ಯಾರನ್ನ? ಲೆಸ್ ಮೈಲ್ಸ್ ಅವರನ್ನ. ಇಬ್ಬರೂ ಹಿಂದೆ ಮಿಶಿಗನ್‌ನಲ್ಲಿ ಒಟ್ಟಿಗೆ ಇದ್ದವರು, ಹಳೆಯ ಪರಿಚಯ. ಹಿಂದಿನದ್ದು ಏನಾದರೂ ಇದೆಯಾ ಅಂತ ಕೇಳಿದ್ದೆ, ಹಿನ್ನೆಲೆಯನ್ನೂ ವಿಚಾರಿಸಿದ್ದೆ, ಏನೂ ಬರಲಿಲ್ಲ ಅಂತ ಆಮೇಲೆ ಲಾಂಗ್ ಹೇಳಿದರು. 2021ರ ಮಾರ್ಚ್‌ನಲ್ಲಿ ಮೈಲ್ಸ್ ಮೇಲಿನ ಆ ಹಳೆಯ ದೂರಿನ ವಿಷಯವಿದ್ದ ಎಲ್‌ಎಸ್‌ಯು ವರದಿ ಹೊರಬಂತು. ಮೈಲ್ಸ್ ಹೋದರು, ಎರಡು ದಿನದಲ್ಲಿ ಲಾಂಗ್ ಕೂಡ. ಎರಡು ಸಾಲಿನಲ್ಲಿ ಮೈಲ್ಸ್ ಗೆದ್ದದ್ದು ಮೂರು ಪಂದ್ಯ.

ಅಪರಿಚಿತರ ಮುಂದೆ ಗಟ್ಟಿಯಾಗಿದ್ದವರು ಹಳೆಯ ಗೆಳೆಯನ ಮುಂದೆ ಸಡಿಲವಾದರಾ? ನನಗೆ ಹಾಗೇ ಕಾಣುತ್ತದೆ. ಅದಕ್ಕೇ ಎಡಿಯ ಹಳೆಯ ನಿರ್ಧಾರಗಳನ್ನು ನೋಡುವಾಗ, ಎದುರಿಗಿದ್ದವರು ಅವರಿಗೆ ಏನಾಗಬೇಕಿತ್ತು ಅನ್ನುವುದನ್ನೂ ಬರೆದುಕೊಳ್ಳಿ.

ಅಭಿಮಾನಿಗಳ ಗಲಾಟೆಗೆ ಬೆಲೆ ಕೊಡಬೇಕಾ?

2017ರ ನವೆಂಬರ್ 26, ಭಾನುವಾರ. ಟೆನ್ನೆಸ್ಸಿ ಎಡಿ ಜಾನ್ ಕರಿ, ಗ್ರೆಗ್ ಶಿಯಾನೊ ಅವರನ್ನು ಕೋಚ್ ಮಾಡಲು ಒಪ್ಪಂದ ಮಾಡಿಕೊಂಡಿದ್ದರು. ಸುದ್ದಿ ಸೋರಿತು. ಶಿಯಾನೊ 1990ರ ದಶಕದಲ್ಲಿ ಪೆನ್ ಸ್ಟೇಟ್‌ನಲ್ಲಿ ಸಹಾಯಕರಾಗಿದ್ದರು, ಸ್ಯಾಂಡಸ್ಕಿ ವಿಷಯ ಅವರಿಗೆ ಗೊತ್ತಿತ್ತು ಅನ್ನುವ ಮಾತು ಒಂದು ಹೇಳಿಕೆಯಲ್ಲಿತ್ತು. ಅದು ಅವರಿವರ ಬಾಯಿಂದ ಕೇಳಿದ ಮಾತು. ಶಿಯಾನೊ ಅಲ್ಲಗಳೆದಿದ್ದರು, ಬೇರೆ ಸಾಕ್ಷಿ ಇರಲಿಲ್ಲ. ಕ್ಯಾಂಪಸ್‌ನ ಬಂಡೆ ಮೇಲೆ ಬರಹ ಬಿತ್ತು, ಶಾಸಕರೂ ಟ್ವೀಟ್ ಮಾಡಿದರು. ಸಂಜೆಯೊಳಗೆ ಒಪ್ಪಂದ ಬಿತ್ತು. ಐದು ದಿನದಲ್ಲಿ ಕರಿ ಕುರ್ಚಿಯೂ ಹೋಯಿತು.

ಜಾಗಕ್ಕೆ ಬಂದವರು ಊರಿನ ಕಣ್ಮಣಿ, ಹಳೆಯ ಕೋಚ್ ಫಿಲಿಪ್ ಫುಲ್ಮರ್. ಅವರು ತಂದ ಜೆರೆಮಿ ಪ್ರೂಯಿಟ್ ಕಾಲದಲ್ಲಿ ಆಟಗಾರರ ಆಯ್ಕೆಯಲ್ಲಿ 200ಕ್ಕೂ ಹೆಚ್ಚು ನಿಯಮ ಮುರಿದದ್ದು ಪತ್ತೆಯಾಗಿ, 2023ರಲ್ಲಿ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ 80 ಲಕ್ಷ ಡಾಲರ್‌ಗೂ ಜಾಸ್ತಿ ದಂಡ ಹಾಕಿತು. ಶಿಯಾನೊ 2019ರ ಕೊನೆಗೆ ಮತ್ತೆ ನಮ್ಮ ರಟ್ಗರ್ಸ್‌ಗೆ ಕೋಚ್ ಆಗಿ ಬಂದರು. ಕರಿ ವೇಕ್ ಫಾರೆಸ್ಟ್ ಎಡಿ ಆದರು. ಅಂದು ಬೀದಿಗೆ ಇಳಿದವರಲ್ಲಿ ಎಷ್ಟು ಜನಕ್ಕೆ ಮಕ್ಕಳ ಚಿಂತೆ, ಎಷ್ಟು ಜನಕ್ಕೆ ಇನ್ನೂ ದೊಡ್ಡ ಹೆಸರಿನ ಕೋಚ್ ಬೇಕಿತ್ತು? ನನಗೆ ಅನುಮಾನ ಇದೆ.

ವಿಶ್ವವಿದ್ಯಾಲಯವೇ ಮಾಡಿಸಿದ ತನಿಖೆ ನಂಬಬಹುದಾ?

ಮೊದಲು ವರದಿ ಪೂರ್ತಿ ಕೊಟ್ಟಿದ್ದಾರಾ ನೋಡಿ. ಪೆನ್ ಸ್ಟೇಟ್ ಇಡೀ ವರದಿ ಹೊರಗಿಟ್ಟಿತು, ಇಮೇಲ್ ಸಮೇತ. ಅದಕ್ಕೇ ಜನ ಇಂದಿಗೂ ಅದರ ಸಾಲು ಸಾಲು ಹಿಡಿದು ಜಗಳ ಆಡಬಹುದು. ಬೇಲರ್‌ನಲ್ಲಿ ವಕೀಲರು ಮಂಡಳಿಗೆ ಬಾಯಿಮಾತಿನಲ್ಲಿ ಹೇಳಿದರು, ಹೊರಗೆ ಬಂದದ್ದು ಸಾರಾಂಶ ಮಾತ್ರ. ಹೀಗಾಗಿ ಮೆಕಾ ಅವರ ಪಾಲು ಎಷ್ಟು ಅಂತ ಅಳೆಯುವುದೇ ಕಷ್ಟ. ಅವರು ರಾಜೀನಾಮೆ ಕೊಟ್ಟು, ಆರು ತಿಂಗಳಲ್ಲಿ ಲಿಬರ್ಟಿ ವಿಶ್ವವಿದ್ಯಾಲಯದ ಎಡಿ ಆದರು. ಬೇಲರ್ ತನ್ನ ತಪ್ಪು ಮುಚ್ಚಲು ಕಪ್ಪು ಆಟಗಾರರನ್ನು ಬಲಿಪಶು ಮಾಡಿತು ಅಂತ 2018ರಲ್ಲಿ ಪ್ರಮಾಣ ಮಾಡಿ ಹೇಳಿದರು. ಬೇಲರ್ ಒಪ್ಪಲಿಲ್ಲ. ಕಾಗದ ಇಲ್ಲದ ಕಡೆ ಹೀಗೇ, ಎರಡು ಬಾಯಿ, ಎರಡು ಕಥೆ.

ದಾಖಲೆ ಎಲ್ಲಿ ಸಿಗುತ್ತೆ?

ಸರ್ಕಾರಿ ವಿಶ್ವವಿದ್ಯಾಲಯವಾದರೆ ಅರ್ಧ ಕೆಲಸ ಸುಲಭ. ನಮ್ಮ ಮಾಹಿತಿ ಹಕ್ಕಿನಂಥ ಕಾನೂನು ಇಲ್ಲಿ ಪ್ರತಿ ರಾಜ್ಯಕ್ಕೂ ಇದೆ. ಎಡಿ ಮತ್ತು ಕೋಚ್‌ಗಳ ಒಪ್ಪಂದದ ಪ್ರತಿ ಕೇಳಬಹುದು. ‘ಕಾರಣ ಇದ್ದು ವಜಾ’ ಅನ್ನುವ ಭಾಗ ಓದಿ. ದುರ್ನಡತೆಗೆ ವಜಾ ಮಾಡಿದರೂ ಕೋಟಿಗಟ್ಟಲೆ ಕೊಡಬೇಕು ಅಂತಿದ್ದರೆ ಅಂಥ ಒಪ್ಪಂದಕ್ಕೆ ಸಹಿ ಹಾಕಿದ್ದು ಯಾರು ನೋಡಿ. ಖಾಸಗಿಯಾದರೆ ತೆರಿಗೆ ಇಲಾಖೆಗೆ ಕೊಡುವ 990 ಫಾರಂನಲ್ಲಿ ದೊಡ್ಡ ಸಂಬಳಗಳು ಕಾಣುತ್ತವೆ. ಯಾವ ಆಟಕ್ಕೆ ಎಷ್ಟು ಖರ್ಚು, ಹುಡುಗಿಯರಿಗೆ ಎಷ್ಟು ಅನ್ನುವುದು ಕೇಂದ್ರ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿದೆ. ಆಟಗಾರರ ಓದು ಹೇಗಿದೆ ಅನ್ನುವುದಕ್ಕೆ ಎನ್‌ಸಿಎಎ ತಂಡವಾರು ಅಂಕ ಕೊಡುತ್ತದೆ. 1000ಕ್ಕೆ 930ಕ್ಕಿಂತ ಕೆಳಗಿದ್ದರೆ ಏನೋ ಕೆಟ್ಟಿದೆ ಅಂತ.

ಸಂಬಳ ಜಾಸ್ತಿ ಇದ್ದರೆ ದುರಾಸೆ ಅಂತಲಾ?

ಅಲ್ಲ. ಇಲ್ಲಿ ಬಹಳಷ್ಟು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳದ ಸರ್ಕಾರಿ ನೌಕರ ಅಂದರೆ ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ಕೋಚ್. ಸಂತೆಯ ದರ, ಅಷ್ಟೇ.

ಚಿಕ್ಕ ತಂಡಗಳನ್ನು ಮುಚ್ಚಿದ ಎಡಿ ಕಟುಕರಾ?

ಮುಚ್ಚಿದ್ದಕ್ಕಿಂತ ಹೇಗೆ ಮುಚ್ಚಿದರು ನೋಡಿ. 2020ರ ಜುಲೈನಲ್ಲಿ ಸ್ಟ್ಯಾನ್‌ಫರ್ಡ್ 11 ಆಟಗಳನ್ನು ನಿಲ್ಲಿಸುತ್ತೇವೆ ಅಂದಿತು. ಹಳೆಯ ವಿದ್ಯಾರ್ಥಿಗಳು ಹಣ ಹೊಂದಿಸುತ್ತೇವೆ ಅಂತ ಎದ್ದರು, ಆಟಗಾರರು ಮೊಕದ್ದಮೆ ಹೂಡಿದರು. 2021ರ ಮೇ ತಿಂಗಳಲ್ಲಿ ನಿರ್ಧಾರ ವಾಪಸ್. ಮುಚ್ಚುವ ಮುಂಚೆಯೇ ಇವರನ್ನೆಲ್ಲ ಕರೆದು ಕೂರಿಸಬಹುದಿತ್ತಲ್ವಾ?

ಮಗಳು ಇಂಥ ಕಾಲೇಜಿಗೆ ಆಡಲು ಹೋಗುತ್ತಿದ್ದಾಳೆ. ನೋಡಲು ಹೋದಾಗ ಏನು ಕೇಳಲಿ?

ಎಡಿ ಸಿಕ್ಕರೆ ಕೈ ಕುಲುಕಿ, ಫೋಟೊ ತೆಗೆಸಿಕೊಳ್ಳಿ. ಅವರನ್ನು ಏನೂ ಕೇಳಬೇಡಿ, ಒಳ್ಳೆಯ ಉತ್ತರ ಕೊಡುವುದೇ ಅವರ ಕೆಲಸ. ಫುಟ್‌ಬಾಲ್ ಹುಡುಗರನ್ನೂ ಬಿಡಿ, ಅವರಿಗೆ ಎಲ್ಲ ಕಡೆ ಬಾಗಿಲು ತೆರೆದಿರುತ್ತದೆ. ಈಜು, ವಾಲಿಬಾಲ್, ಓಟದ ತಂಡದ ಕೊನೆಯ ವರ್ಷದ ಹುಡುಗಿ ಒಬ್ಬಳನ್ನು ಕೋಚ್ ಇಲ್ಲದ ಹೊತ್ತಿನಲ್ಲಿ ಮಾತಾಡಿಸಿ. ಕಳೆದ ಎರಡು ವರ್ಷದಲ್ಲಿ ನಡುವೆ ಬಿಟ್ಟು ಹೋದವರು ಎಷ್ಟು ಜನ ಕೇಳಿ. ಗಾಯವಾದಾಗ ಆಡಬಹುದು ಅಂತ ಹೇಳುವುದು ಡಾಕ್ಟರಾ ಕೋಚಾ ಕೇಳಿ. ಆಮೇಲೆ ಇದೊಂದು: ‘ಕೋಚ್ ಮೇಲೆ ದೂರು ಇದ್ದರೆ ಯಾರ ಹತ್ತಿರ ಹೋಗ್ತೀಯಮ್ಮಾ?’

ಅವಳು ಥಟ್ಟನೆ ಒಬ್ಬರ ಹೆಸರು ಹೇಳಿ, ಅವರ ಕೋಣೆ ಯಾವ ಮಹಡಿಯಲ್ಲಿದೆ ಅಂತ ತೋರಿಸಿದರೆ ಮುಂದಿನ ಪ್ರಶ್ನೆಗೆ ಹೋಗಿ. ಪಕ್ಕದವಳ ಮುಖ ನೋಡಿ ನಕ್ಕರೆ, ಮಗಳಿಗೆ ಬೇರೆ ಕಾಲೇಜು ಹುಡುಕಿ.